ಹಡಗಿನ ಡಾಕ್ಟರ ಸಂತಾನ

ವಿಮೆಯ ಅರ್ಜಿಯ ಹದಿನಾಲ್ಕನೇ ಕಾಲಂನಲ್ಲಿ ತಕ್ಕಡಿ ಒಂದು ಅಡ್ಡಗೆರೆ ಎಳೆದ. ಆ ಭಾನುವಾರದ ಅನಾಹುತವೆಲ್ಲ ಶುರುವಾದದ್ದು ಆ ಅರ್ಧ ಇಂಚಿನ ಗೆರೆಯಿಂದ.

ತಕ್ಕಡಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅಂಗಡಿಗಳ ತೂಕದ ಯಂತ್ರ ರಿಪೇರಿ ಮಾಡಿ, ಸವೆದ ತೂಕದ ಬಟ್ಟುಗಳನ್ನು ಸರಿತೂಕಕ್ಕೆ ತಂದುಕೊಡುವ ಕೆಲಸ ಮಾಡುತ್ತ ಮಾಡುತ್ತ ಆ ಹೆಸರು ಅಂಟಿಕೊಂಡಿತ್ತು. ವಯಸ್ಸು ಐವತ್ತೆರಡು. ಮದುವೆಯಾಗಿರಲಿಲ್ಲ, ಬೇಡವೆಂದಲ್ಲ, ಮುಂದೆ ನಿಂತು ಮಾಡುವವರು ಯಾರೂ ಇರಲಿಲ್ಲ. ಒಡಹುಟ್ಟಿದವರಿಲ್ಲ. ಅಪ್ಪ ವರ್ಷಕ್ಕೊಂದು ಊರಿಗೆ ವರ್ಗವಾಗುತ್ತ, ತನ್ನ ಕಡೆಯವರ ವಿಷಯ ಎತ್ತಿದರೆ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತ, ಒಂದು ದಿನ ಹಾಗೇ ತೀರಿಕೊಂಡಿದ್ದ. ಅಮ್ಮ ಅದಕ್ಕೂ ಮೊದಲೇ. ಹೀಗಾಗಿ "ನಿಮ್ಮ ನಂತರದ ಹಕ್ಕುದಾರರು ಯಾರು? ಸಂಬಂಧವೇನು?" ಎಂದು ಅರ್ಜಿ ಕೇಳಿದಾಗ ಅವನು ಪ್ರಾಮಾಣಿಕವಾಗಿ ಗೆರೆ ಎಳೆದ.

"ಗೆರೆ ಎಳೆಯೋ ಹಾಗಿಲ್ಲ," ಎಂದ ಎದುರು ಮನೆಯ ವಿಮೆಯವನು. "ಯಾರಾದ್ರೂ ಒಬ್ಬರ ಹೆಸರು ಬರೀರಿ. ಚಿಕ್ಕಪ್ಪ, ಮಾವ, ಸೋದರಳಿಯ..."

"ಯಾರೂ ಇಲ್ವಲ್ರೀ."

"ಯಾರೂ?"

"ಯಾರೂ."

ವಿಮೆಯವನು ಕಾಲು ಮುರಿದ ಕುರ್ಚಿಯನ್ನು ನೋಡುವ ಹಾಗೆ ಅವನನ್ನು ನೋಡಿ ಹೊರಟ. ಒಂಬತ್ತು ಗಂಟೆಗೆಲ್ಲ ನಾಲ್ಕು ಮಹಡಿಯ ಹದಿನಾರು ಮನೆಗಳಿಗೂ ತಕ್ಕಡಿಗೆ ಹಿಂದೆಮುಂದೆ ಯಾರೂ ಇಲ್ಲವೆಂಬ ಸುದ್ದಿ ತಲುಪಿತ್ತು. ಹನ್ನೆರಡು ವರ್ಷದಿಂದ ಅವನು ಅದೇ ಕಟ್ಟಡದಲ್ಲಿ ಒಬ್ಬನೇ ಬಾಗಿಲು ತೆಗೆದು ಒಬ್ಬನೇ ಹಾಕಿಕೊಳ್ಳುತ್ತಿದ್ದ. ಆದರೂ ಆ ಬೆಳಗ್ಗೆ ಎಲ್ಲರಿಗೂ ಅದು ಹೊಸದಾಗಿ ಗೊತ್ತಾದಂತಿತ್ತು.

ಒಂಬತ್ತೂಕಾಲಿಗೆ ಬಾಗಿಲು ಬಡಿದದ್ದು ಕೆಳಮನೆಯ ಟೈಪಿಂಗ್ ಮೇಡಂ. ಟೈಪಿಂಗ್ ಶಾಲೆ ಮುಚ್ಚಿ ಹತ್ತು ವರ್ಷವಾಗಿದ್ದರೂ ಆಕೆ ಮಾತಾಡುವುದು ಈಗಲೂ ಟೈಪಿಂಗ್ ಪರೀಕ್ಷೆಯ ವೇಗದಲ್ಲಿ.

"ಯಾರೂ ಇಲ್ಲ ಅಂತ ಇರಲ್ಲ ತಕ್ಕಡಿಯವ್ರೇ, ಹುಡುಕಿಲ್ಲ ಅಂತ ಇರತ್ತೆ. ಲೈಬ್ರರಿ ಮಹಡೀಲಿ ಇವತ್ತು ವರ್ಕ್‌ಶಾಪ್ ಇದೆ, ನಮ್ಮ ನಮ್ಮ ವಂಶಾವಳಿ ಹೇಗೆ ಪತ್ತೆ ಮಾಡೋದು ಅಂತ ಹೇಳಿಕೊಡ್ತಾರೆ. ನಾನೂ ವಿಮೆಯವರೂ ಹೋಗ್ತಿದೀವಿ. ಶರ್ಟ್ ಹಾಕ್ಕೊಳ್ಳಿ."

ವರ್ಕ್‌ಶಾಪ್ ಎಂದು ಕಿವಿಗೆ ಬಿದ್ದದ್ದೇ ತಕ್ಕಡಿ ಅಭ್ಯಾಸಬಲದಿಂದ ಸ್ಕ್ರೂಡ್ರೈವರನ್ನೂ ಜೇಬಿಗೆ ಹಾಕಿಕೊಂಡ.

ಲೈಬ್ರರಿಯ ಮಹಡಿಯಲ್ಲಿ ಉದ್ದನೆಯ ಮೇಜುಗಳು, ಅವುಗಳ ಮೇಲೆ ದೊಡ್ಡ ದೊಡ್ಡ ಬಿಳಿ ಹಾಳೆಗಳು. ನಡೆಸುತ್ತಿದ್ದವರು ನಿವೃತ್ತ ಚರಿತ್ರೆಯ ಮೇಷ್ಟ್ರು. ಜನನ ಮರಣದ ದಾಖಲೆ ಎಲ್ಲಿ ಸಿಗುತ್ತದೆ, ಹಳೆಯ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅಜ್ಜನ ಹೆಸರನ್ನು ಹೇಗೆ ಹುಡುಕಬೇಕು, ಮತದಾರರ ಪಟ್ಟಿಯಲ್ಲಿ ಒಂದೇ ಮನೆ ನಂಬರಿನವರನ್ನು ಹೇಗೆ ಜೋಡಿಸಬೇಕು ಎಂದೆಲ್ಲ ಒಂದು ಗಂಟೆ ಹೇಳಿದರು. ಕೊನೆಗೆ ಬೆರಳೆತ್ತಿ, "ಬರೀ ಬಾಯಿಮಾತಲ್ಲಿ ಕೇಳಿದ್ದನ್ನ ಪೆನ್ಸಿಲಲ್ಲಿ ಬರೀರಿ. ದಾಖಲೆ ಸಿಕ್ಕ ಮೇಲೆ ಪೆನ್ನಲ್ಲಿ ತಿದ್ದಿ. ಇಷ್ಟು ಮಾಡಿದ್ರೆ ವಂಶ ನಿಮ್ಮ ಕೈಬಿಡಲ್ಲ," ಎಂದರು.

ಎಲ್ಲರೂ ಹಾಳೆಯ ಮೇಲೆ ಬಗ್ಗಿದರು. ವಿಮೆಯವನು ಒಂದು ಹಾಳೆ ಸಾಲದೆ ಎರಡನೆಯದನ್ನು ಅಂಟಿಸಿಕೊಂಡ. ಅವನ ವಂಶ ಮೇಜಿನ ತುದಿ ದಾಟಿ ಜೋತುಬಿದ್ದಿತು. ಮೇಡಂ ತಮ್ಮ ಅಜ್ಜಿಯ ಹನ್ನೊಂದು ಜನ ನಾದಿನಿಯರನ್ನು ಅಕ್ಷರಮಾಲೆಯ ಕ್ರಮದಲ್ಲಿ ಬರೆದರು. ತಕ್ಕಡಿ ತನ್ನ ಹೆಸರು, ಅಪ್ಪನ ಹೆಸರು, ಅಮ್ಮನ ಹೆಸರು ಬರೆದು ಪೆನ್ಸಿಲ್ ಕೆಳಗಿಟ್ಟ. ಅಷ್ಟು ದೊಡ್ಡ ಹಾಳೆಯಲ್ಲಿ ಆ ಮೂರು ಹೆಸರು ದಾರಿ ತಪ್ಪಿ ಬಂದ ಇರುವೆಗಳಂತೆ ಕಂಡವು.

ಮೇಷ್ಟ್ರು ಬಂದು ಇಣುಕಿದರು. "ಇಷ್ಟೇನಾ?"

"ಇಷ್ಟೇ ಸಾರ್."

"ಪಾಪ, ಅವರಿಗೆ ಯಾರೂ ಇಲ್ಲ," ಎಂದರು ಮೇಡಂ, ಮೆಲ್ಲಗೆ ಹೇಳುವುದು ಹೇಗೆಂದು ಗೊತ್ತಿಲ್ಲದವರ ದನಿಯಲ್ಲಿ. ಇಡೀ ಸಭಾಂಗಣ ತಿರುಗಿ ನೋಡಿತು. "ಅಯ್ಯೋ" ಎಂಬ ಉದ್ಗಾರ ಮುಂದಿನ ಸಾಲಿನಲ್ಲಿ ಎದ್ದು ಹಿಂದಿನ ಸಾಲಿನವರೆಗೆ ಹೋಗಿ ವಾಪಸು ಬಂತು.

ಬೈಗುಳವನ್ನಾದರೆ ತಕ್ಕಡಿ ತಡೆದುಕೊಳ್ಳುತ್ತಿದ್ದ. ಆ "ಅಯ್ಯೋ" ತಡೆಯಲಾಗಲಿಲ್ಲ. ಇಪ್ಪತ್ತೆಂಟು ವರ್ಷ ಗ್ರಾಮು ಹೆಚ್ಚುಕಮ್ಮಿ ಮಾಡದ ಮನುಷ್ಯ, ಎದುರು ಗೋಡೆಯ ಮೇಲೆ ತೂಗುಹಾಕಿದ್ದ ಸಮುದ್ರದ ನಕ್ಷೆಯನ್ನು ನೋಡುತ್ತ, "ಅಜ್ಜ ಒಬ್ಬರಿದ್ರು ಸಾರ್," ಎಂದುಬಿಟ್ಟ. "ಹಡಗಿನಲ್ಲಿ ಡಾಕ್ಟರು."

"ಹಡಗಿನಲ್ಲಿ!" ಮೇಷ್ಟ್ರ ಕಣ್ಣು ಅರಳಿತು. "ಮಕ್ಕಳೆಷ್ಟು?"

"ಏಳು. ನಮ್ಮಪ್ಪ ಮೊದಲನೆಯವರು. ದೊಡ್ಡ ಮನೆತನ. ಆಮೇಲೆ ಎಲ್ಲ ಚೆದುರಿಹೋದ್ರು."

ಡಾಕ್ಟರಿಗೆ ಹೆಸರು ಬೇಕಾಯಿತು. ಅರ್ಧವನ್ನು ಕ್ಯಾಲೆಂಡರಿನಿಂದ, ಇನ್ನರ್ಧವನ್ನು ಬೀರುವಿನ ಮೇಲಿದ್ದ ದಾನಿಯ ಹೆಸರಿನಿಂದ ತೆಗೆದು ಪೆನ್ಸಿಲಿನಲ್ಲಿ ತೆಳ್ಳಗೆ ಬರೆದ. ಆಮೇಲೆ ಅಳಿಸಿದರಾಯಿತು ಎಂದುಕೊಳ್ಳುವಷ್ಟರಲ್ಲಿ ಮೇಡಂ, "ಕಾಣೋದೇ ಇಲ್ವಲ್ರೀ," ಎಂದು ತಮ್ಮ ಪೆನ್ನಿನಿಂದ ಅದರ ಮೇಲೆ ದಪ್ಪಗೆ ತಿದ್ದಿಬಿಟ್ಟರು.

ಅಷ್ಟರಲ್ಲಿ ಕೊನೆಯ ಸಾಲಿನಲ್ಲಿ ಒಂದು ಕುರ್ಚಿ ಕಿರ್ರೆಂದಿತು. ಎಪ್ಪತ್ತೈದು ದಾಟಿದ ಒಬ್ಬ ಹೆಂಗಸು, ದಪ್ಪ ಗಾಜಿನ ಕನ್ನಡಕ, ಹೆಗಲಲ್ಲಿ ಬಟ್ಟೆಯ ಚೀಲ, ಊರಿಕೊಳ್ಳಲು ಒಂದು ಉದ್ದನೆಯ ಕೊಡೆ. ಕೊಡೆಯನ್ನೇ ಎತ್ತಿ ತಕ್ಕಡಿಯ ಕಡೆ ತೋರಿಸಿದರು.

"ಹಡಗಿನ ಡಾಕ್ಟರು ನಮ್ಮಪ್ಪ! ಏಳನೆಯವಳು ನಾನೇ! ನೀನು ನಮ್ಮ ದೊಡ್ಡಣ್ಣನ ಮಗನೇನೋ?"

ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ಮೇಷ್ಟ್ರು ಕಣ್ಣೊರೆಸಿಕೊಂಡರು. ಅವರು ನಡೆಸಿದ ಹನ್ನೊಂದು ವರ್ಕ್‌ಶಾಪ್‌ಗಳಲ್ಲಿ ಕಣ್ಣೆದುರೇ ಒಬ್ಬರಿಗೊಬ್ಬರು ಸಿಕ್ಕಿದ್ದು ಇದೇ ಮೊದಲಂತೆ. ವಿಮೆಯವನು ಫೋಟೋ ತೆಗೆದ. ಆ ಫೋಟೋದಲ್ಲಿ ಮುದುಕಿ ನಗುತ್ತಿದ್ದರು. ತಕ್ಕಡಿ, ಲಿಫ್ಟಿನ ಬಾಗಿಲಲ್ಲಿ ಅಂಗಿ ಸಿಕ್ಕಿಹಾಕಿಕೊಂಡವನ ಹಾಗೆ ನಿಂತಿದ್ದ.

ಒಂದು ನಿಮಿಷದ ಕೆಳಗೆ ತಾನೇ ಹುಟ್ಟಿಸಿದ ಅಜ್ಜನಿಗೆ ಎಪ್ಪತ್ತೈದರ ಮಗಳು ಎಲ್ಲಿಂದ ಬಂದಳು? ಪಾಪ, ಇವರ ತಂದೆ ಬೇರೆ ಯಾವುದೋ ಹಡಗಿನ ಡಾಕ್ಟರಿರಬೇಕು, ವಯಸ್ಸಾಗಿದೆ, ಗೊಂದಲ ಮಾಡಿಕೊಂಡಿದ್ದಾರೆ ಎಂದು ಅವನಿಗೆ ತೋಚಿತು. ಹೊರಗೆ ಹೋದ ಮೇಲೆ ನಿಧಾನವಾಗಿ ಹೇಳಿದರಾಯಿತು ಎಂದುಕೊಂಡ.

ಹೊರಗೆ ಹೋದ ಮೇಲೆ ಹೇಳಲು ಸಂದು ಸಿಗಲಿಲ್ಲ.

"ಲೋ, ಕಾಲರ್ ಸರಿ ಮಾಡ್ಕೋ. ಜೇಬಲ್ಲಿ ಅದೇನದು, ಸ್ಕ್ರೂಡ್ರೈವರ್? ಜನ ಕಳ್ಳ ಅಂದ್ಕೋತಾರೆ. ಇಷ್ಟು ಸಣ್ಣಗಾಗಿದೀಯ, ಯಾರು ಅಡುಗೆ ಮಾಡೋದು? ನೀನೇನಾ? ಅದಕ್ಕೇ." ಅತ್ತೆ ಕೊಡೆ ಊರಿಕೊಂಡು ಮುಂದೆ, ಅವನು ಚೀಲ ಹಿಡಿದುಕೊಂಡು ಹಿಂದೆ. ಅವರ ಹಿಂದೆ ಮೆರವಣಿಗೆಯ ಬಾಲದಂತೆ ಮೇಡಂ ಮತ್ತು ವಿಮೆಯವನು.

ಮನೆಗೆ ಬಂದವರೇ ಅತ್ತೆ ಚಪ್ಪಲಿ ಬಿಡುವ ಮೊದಲೇ ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆರೆದು ಮೂಸಿದರು. ಮೂರು ಡಬ್ಬಿಯ ಸಾಮಾನು ಕಸದ ಬುಟ್ಟಿಗೆ ಹೋಯಿತು. ಕಿಟಕಿಯ ಹೊರಗೆ ಮೇಲಿನ ಮನೆಯವರ ಒದ್ದೆ ಬಟ್ಟೆಗಳಿಂದ ತಟತಟ ನೀರು ಬೀಳುತ್ತಿತ್ತು. ಹನ್ನೆರಡು ವರ್ಷದಿಂದ ಬೀಳುತ್ತಿತ್ತು. ತಕ್ಕಡಿ ಎರಡು ಸಲ ಮೆತ್ತಗೆ ಹೇಳಿ ನೋಡಿ, ಕಿಟಕಿಯನ್ನೇ ಮುಚ್ಚಿಬಿಟ್ಟಿದ್ದ. ಅತ್ತೆ ಅದನ್ನು ತೆರೆದು ತಲೆ ಹೊರಗೆ ಹಾಕಿ, "ಯಾರದು ಮೇಲೆ? ನನ್ನ ಅಣ್ಣನ ಮಗ ಏನು ಬಚ್ಚಲಲ್ಲಿ ಸಂಸಾರ ಮಾಡ್ತಿದಾನಾ?" ಎಂದು ಕೂಗಿದರು. ಎರಡೇ ನಿಮಿಷದಲ್ಲಿ ಬಟ್ಟೆ ಒಳಗೆ ಹೋಯಿತು.

ತಕ್ಕಡಿ ಆ ಕಿಟಕಿಯ ಮುಂದೆ ಸುಮ್ಮನೆ ನಿಂತ. ಆಚೆ ಒಂದು ಮರವಿತ್ತು. ಅಲ್ಲೊಂದು ಮರವಿರುವುದೇ ಅವನಿಗೆ ಗೊತ್ತಿರಲಿಲ್ಲ. ನನ್ನ ಅಣ್ಣನ ಮಗ ಎಂಬ ಮಾತು ಎದೆಯೊಳಗೆ ಎಲ್ಲೋ ಬೆಚ್ಚಗೆ ಕೂತುಬಿಟ್ಟಿತು. ಈಗ ಹೇಳುವುದು ಬೇಡ, ಊಟವಾಗಲಿ ಎಂದುಕೊಂಡ. ಊಟವಾದ ಮೇಲೆ, ಅವರು ಒಂದು ನಿದ್ದೆ ಮಾಡಿ ಏಳಲಿ ಎಂದುಕೊಂಡ. ಎದ್ದು ಅವನ ಅಂಗಿಯ ಬಿಚ್ಚಿದ ಹೊಲಿಗೆ ಹಾಕುತ್ತ ಕೂತಾಗ, ಹೇಳಲೇಬೇಕೆಂದು ಎಲ್ಲಿ ಬರೆದಿದೆ ಎಂದುಕೊಂಡ.

"ಮುಂದಿನ ವಾರ ನನ್ನ ಪೆಟ್ಟಿಗೆ ತರ್ತೀನಿ," ಎಂದರು ಅತ್ತೆ, ಹಲ್ಲಿನಲ್ಲಿ ದಾರ ಕಡಿಯುತ್ತ. "ಉಳಿದವರನ್ನೆಲ್ಲ ಯಾವಾಗ ಕರೆಸ್ತೀಯ? ಅವರೆಲ್ಲ ಎಲ್ಲೆಲ್ಲಿದಾರೆ?"

"ಉಳಿದವರು ಅಂದ್ರೆ?"

"ನನ್ನ ಅಕ್ಕಂದಿರ, ಅಣ್ಣಂದಿರ ಮಕ್ಕಳು ಕಣೋ. ನಿನ್ನದೂ ಸೇರಿ ಆರು ಮನೆ."

ಅವರಿಗೇ ಗೊತ್ತಿರಬೇಕಾದ ವಿಷಯವನ್ನು ನನ್ನನ್ನು ಯಾಕೆ ಕೇಳುತ್ತಾರೆ ಎಂದು ತಕ್ಕಡಿ ಯೋಚಿಸುವ ಮೊದಲೇ ಬಾಗಿಲು ಬಡಿಯಿತು. ವಿಮೆಯವನು, ಕೈಯಲ್ಲಿ ಹೊಸ ಅರ್ಜಿ. ಎಲ್ಲ ತುಂಬಿಸಿಕೊಂಡೇ ಬಂದಿದ್ದ. ಹದಿನಾಲ್ಕನೇ ಕಾಲಂನಲ್ಲಿ 'ಸಂಬಂಧ: ಸೋದರತ್ತೆ' ಎಂದು ದುಂಡಗೆ ಬರೆದಿತ್ತು.

"ಕೆಳಗೊಂದು ಸಹಿ ಹಾಕಿ. 'ಮೇಲಿನದೆಲ್ಲ ಸತ್ಯ' ಅಂತ ಇದೆಯಲ್ಲ, ಅದರ ಕೆಳಗೆ."

ತಕ್ಕಡಿ ಪೆನ್ನು ಹಿಡಿದ. ಪೆನ್ನು ಹಾಳೆಯ ಹತ್ತಿರ ಹೋಗಿ ನಿಂತಿತು. ಸುಳ್ಳು ಹೇಳುವುದು ಒಂದು, ಅದರ ಕೆಳಗೆ ಸತ್ಯವೆಂದು ಸಹಿ ಹಾಕುವುದು ಇನ್ನೊಂದು. ತೂಕ ಕಮ್ಮಿಯಿರುವ ಬಟ್ಟಿಗೆ ಅವನು ಇವತ್ತಿನವರೆಗೆ ಮುದ್ರೆ ಒತ್ತಿದವನಲ್ಲ.

"ನಾಳೆ ಹಾಕ್ತೀನಿ," ಎಂದು ವಿಮೆಯವನನ್ನು ಹೊರಗೆ ದಾಟಿಸಿ, ಬಾಗಿಲು ಹಾಕಿ, ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತ.

"ಅತ್ತೆ, ಒಂದು ಮಾತು. ಬೈಯಿರಿ, ಬೇಕಾದ್ರೆ ಕೊಡೆಯಲ್ಲಿ ಹೊಡೀರಿ. ಹಡಗಿನ ಡಾಕ್ಟರು ಅಂತ ಯಾರೂ ಇರಲಿಲ್ಲ. ನಾನು ಅಲ್ಲೇ ಕಟ್ಟಿ ಹೇಳಿದ್ದು. ನೀವು ಯಾರನ್ನೋ ನೆನೆಸಿಕೊಂಡು ನನ್ನನ್ನ ನಿಮ್ಮೋನು ಅಂದ್ಕೊಂಡ್ರಿ."

ಅತ್ತೆಯ ಸೂಜಿ ನಿಂತಿತು. "ಯಾರೂ ಇರಲಿಲ್ವಾ?"

"ಇಲ್ಲ."

"ಉಳಿದ ಐದು ಮನೆ?"

"ಒಂದೂ ಇಲ್ಲ. ನಾನೊಬ್ಬನೇ."

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು. ಆಮೇಲೆ ಹೊಲಿಗೆ ಅರ್ಧಕ್ಕೇ ಬಿಟ್ಟ ಅಂಗಿಯನ್ನು ಮಡಿಸಿ ಮಂಚದ ಮೇಲಿಟ್ಟರು.

"ನಾನು ಯಾರನ್ನೂ ನೆನೆಸಿಕೊಳ್ಳಲಿಲ್ಲ ರೀ," ಎಂದರು.

ಲೋ ಹೋಗಿ ರೀ ಬಂದದ್ದು ತಕ್ಕಡಿಗೆ ಕೊಡೆಯ ಏಟಿಗಿಂತ ಜೋರಾಗಿ ತಾಗಿತು.

"ನನಗೂ ಯಾರೂ ಇಲ್ಲ. ಇಂಥ ವಂಶಾವಳಿ ವರ್ಕ್‌ಶಾಪ್‌ಗೆ ಎಂಟು ಕಡೆ ಹೋಗಿ ಹಿಂದಿನ ಸಾಲಲ್ಲಿ ಕೂತು ಬಂದಿದೀನಿ. ಎಲ್ಲರ ಮನೇಲೂ ಎಲ್ಲರ ಲೆಕ್ಕ ಸರಿಯಾಗಿರತ್ತೆ, ನುಗ್ಗೋಕೆ ಜಾಗ ಇರಲ್ಲ. ನೀವು ಏಳು ಮಕ್ಕಳು ಅಂದ್ರಿ, ದೊಡ್ಡ ಮನೆತನ ಅಂದ್ರಿ, ಚೆದುರಿಹೋದ್ರು ಅಂದ್ರಿ. ಇದಕ್ಕಿಂತ ಒಳ್ಳೇದು ಸಿಗಲ್ಲ ಅಂದ್ಕೊಂಡೆ. ಆರು ಮನೇಲೂ ಎರಡೆರಡು ತಿಂಗಳು ಅಂದ್ರೂ ಯಾರಿಗೂ ಭಾರ ಆಗದೆ ವರ್ಷ ಕಳೀತಿತ್ತು."

ತಕ್ಕಡಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. "ಹಾಗಿದ್ರೆ ಏನಾಯ್ತು ಅತ್ತೆ? ಇಬ್ಬರಿಗೂ ಯಾರೂ ಇಲ್ಲ. ಇಲ್ಲೇ ಇದ್ದುಬಿಡಿ. ನಾನು ಯಾರಿಗೂ ಹೇಳಲ್ಲ."

"ಹನ್ನೆರಡು ತಿಂಗಳೂ ಇಲ್ಲೇನಾ?" ಅವರು ಆ ಒಂದು ಕೋಣೆಯನ್ನು ಗೋಡೆಯಿಂದ ಗೋಡೆಗೆ ನೋಡಿದರು. "ಬೇಡ. ಬೆಳಗ್ಗೆಯಿಂದ ನಿಮ್ಮನ್ನ ಹೇಗೆ ಬೈದೆ ನೋಡಿ, ಎಷ್ಟು ಚೆನ್ನಾಗಿತ್ತು. ಈಗ ಬೈಯೋಕೆ ಬಾಯೇ ಬರ್ತಿಲ್ಲ. ಯಾವ ಹಕ್ಕಲ್ಲಿ ಬೈಯಲಿ? ನೀವು ಸುಮ್ಮನಿರಬೇಕಿತ್ತು ಕಣ್ರೀ. ಇಷ್ಟು ವಯಸ್ಸಾದ ಮೇಲೆ ನಿಜ ಹೇಳೋ ಚಟ ಇಟ್ಕೋಬಾರದು."

ಬಸ್ ಸ್ಟಾಪಿನವರೆಗೆ ಅವನೇ ಚೀಲ ಹಿಡಿದು ಹೋದ. ಬಸ್ಸು ಬಂದಾಗ ಅವರು ಚೀಲ ಇಸಿದುಕೊಂಡು, ಅಪರಿಚಿತರಿಗೆ ಹೇಳುವ ಹಾಗೆ, "ಥ್ಯಾಂಕ್ಸ್ ರೀ," ಎಂದು ಹತ್ತಿದರು. ಬಸ್ಸಿನ ಬೋರ್ಡು ಓದಲು ತಕ್ಕಡಿ ಕತ್ತು ಚಾಚಿದ. ಕಣ್ಣು ಮಂಜಾಗಿತ್ತು, ಓದಲಾಗಲಿಲ್ಲ.

ವಾಪಸು ಬಂದಾಗ ಐದು ಗಂಟೆ. ಮೆಟ್ಟಿಲ ಮೇಲೆ ಮೇಡಂ, ವಿಮೆಯವನು, ಮೇಲಿನ ಮನೆಯವರು ಎಲ್ಲ ಕೂತು ಹಡಗಿನ ಡಾಕ್ಟರ ಬಗ್ಗೆಯೇ ಮಾತಾಡುತ್ತಿದ್ದರು.

"ಎಲ್ಲಿ ನಿಮ್ಮತ್ತೆ?" ಎಂದರು ಮೇಡಂ.

"ಹೋಗಿಬಿಟ್ರು," ಎಂದು ಅವನು ಕಣ್ಣೊರೆಸಿಕೊಂಡ.

ಮೇಡಂ ಕೈ ಎದೆಯ ಮೇಲೆ ಹೋಯಿತು. "ಹೋಗಿಬಿಟ್ರಾ? ಯಾವಾಗ?"

"ಈಗ ತಾನೆ. ಬಸ್ ಸ್ಟಾಪಲ್ಲಿ."

"ನೀವು ಪಕ್ಕದಲ್ಲಿದ್ರಾ?"

"ಪಕ್ಕದಲ್ಲೇ ಇದ್ದೆ. ಬೇಡ ಬೇಡ ಅಂದೆ. ಹೋಗೋರನ್ನ ಹಿಡ್ಕೊಳ್ಳೋಕಾಗತ್ತಾ?"

"ಆಗಲ್ಲ, ಆಗಲ್ಲ," ಎಂದು ವಿಮೆಯವನು ಎದ್ದು ಅವನ ಹೆಗಲು ಹಿಡಿದ. "ನರಳಲಿಲ್ಲ ತಾನೆ? ಅದೊಂದು ಸಮಾಧಾನ. ಊರಿಗೇ ತಗೊಂಡು ಹೋದ್ರಾ?"

ಆಗ ತಕ್ಕಡಿಗೆ ಹೊಳೆಯಿತು. "ಅಯ್ಯೋ, ಇಲ್ಲಾ ರೀ! ಅವರು ಸತ್ತಿಲ್ಲ!"

ಮೇಡಂ ಮೇಲಿನ ಮನೆಯವರ ಕಡೆ ತಿರುಗಿ ದನಿ ತಗ್ಗಿಸಿದರು, ಈ ಸಲ ನಿಜವಾಗಿಯೂ. "ಮೊದಮೊದಲು ನಂಬೋಕಾಗಲ್ಲ. ನಮ್ಮ ಯಜಮಾನ್ರು ಹೋದಾಗ ನಾನೂ ಹೀಗೇ ಅಂದಿದ್ದೆ."

ಸತ್ತಿಲ್ಲವೆಂದು ಒಪ್ಪಿಸಿದರೆ ಯಾಕೆ ಹೋದರು ಎನ್ನುತ್ತಾರೆ. ಯಾಕೆ ಹೋದರೆಂದು ಹೇಳಿದರೆ ಹಡಗೂ ಮುಳುಗುತ್ತದೆ, ಡಾಕ್ಟರೂ ಮುಳುಗುತ್ತಾರೆ. ಅಷ್ಟರಲ್ಲಿ ಯಾರೋ ಅವನ ಮನೆಯ ಬಾಗಿಲು ತೆಗೆದಿದ್ದರು, ಯಾರೋ ಕುರ್ಚಿ ತಂದಿದ್ದರು. ಹನ್ನೆರಡು ವರ್ಷ ಒಳಗೆ ಕಾಲಿಡದಿದ್ದ ಉಳಿದ ಹದಿನೈದು ಮನೆಯವರು ಆ ಒಂದು ಕೋಣೆಯಲ್ಲಿ ಗೋಡೆಗೊರಗಿ ತುಂಬಿಕೊಂಡರು. ಲೈಬ್ರರಿಯ ಮೇಷ್ಟ್ರೂ ಸುದ್ದಿ ಕೇಳಿ ಓಡಿಬಂದರು.

"ಬೆಳಗ್ಗೆ ಸಿಕ್ಕಿ ಸಂಜೆಗೆ ಹೋಗೋದು ಅಂದ್ರೆ!" ಎಂದರು ಅವರು. "ಆದರೂ ಕೊನೇ ದಿನ ಅಣ್ಣನ ಮಗನ ಮನೇಲಿ ಊಟ ಮಾಡಿ ಹೋದ್ರಲ್ಲ."

"ಅತ್ತುಬಿಡಿ ತಕ್ಕಡಿಯವ್ರೇ," ಎಂದರು ಮೇಡಂ, ಒಂದು ಲೋಟ ನೀರು ಅವನ ಕೈಗೆ ಕೊಡುತ್ತ. "ಒಳಗೇ ಇಟ್ಕೋಬೇಡಿ. ಎಷ್ಟಾದರೂ ಸ್ವಂತ ರಕ್ತ."

ತಕ್ಕಡಿ ಅತ್ತ. ಮೊದಲು ಸದ್ದಿಲ್ಲದೆ, ಆಮೇಲೆ ಲೋಟದ ನೀರು ಚೆಲ್ಲುವಷ್ಟು ಜೋರಾಗಿ. ಅವನ ಅಳು ಕಂಡು ಆ ಕೋಣೆಯಲ್ಲಿ ಯಾರಿಗೂ ಒಂದು ಚೂರು ಅನುಮಾನ ಬರಲಿಲ್ಲ. ಅನುಮಾನ ಪಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ.