ನೆನೆಸಿದ ಬಾರು

ನಮ್ಮ ಮನೆಯಲ್ಲಿ ಕೂರುವುದಕ್ಕೆ ಯೋಗ್ಯವಾದ ಜಾಗ ಒಂದೇ, ಮುಂದಿನ ಕೋಣೆಯ ಕಿಟಕಿಯ ಪಕ್ಕದ ಸ್ಟೂಲು. ಬೇರೆಲ್ಲಿ ಕೂತರೂ ಯಾರಾದರೂ ಬಂದು "ಸ್ವಲ್ಪ ಏಳಿ" ಎನ್ನುತ್ತಾರೆ. ಮಂಚದ ಮೇಲೆ ಕೂತರೆ ಹಾಸಿಗೆ ಕೊಡವಬೇಕು, ಅಡುಗೆಮನೆಯಲ್ಲಿ ಕೂತರೆ ನನ್ನ ಹಿಂದಿನ ಡಬ್ಬಿಯೇ ಬೇಕು, ಹೊಸ್ತಿಲ ಮೇಲೆ ಕೂತರೆ ನಾನೇ ಹೊಸ್ತಿಲು, ಎಲ್ಲರೂ ದಾಟುತ್ತಾರೆ. ಯಜಮಾನರು ಬದುಕಿದ್ದಾಗಲೂ ಹೀಗೇ ಇತ್ತು, ಆದರೆ ಆಗ ಏಳಿಸುವವರು ಒಬ್ಬರೇ. (ಅವರಿಗೆ ಕನ್ನಡಕ ಸಿಗುತ್ತಿರಲಿಲ್ಲ. ನಾನು ಎದ್ದರೆ ನನ್ನ ಕೆಳಗೆ ಸಿಗುತ್ತಿತ್ತು.)

ಕಿಟಕಿಯ ಸ್ಟೂಲಿನ ಮೇಲೆ ಕೂತವರನ್ನು ಮಾತ್ರ ಯಾರೂ ಏಳಿಸುವುದಿಲ್ಲ, ಏಕೆಂದರೆ ಅದು ಕೆಲಸದ ಜಾಗ. ನನ್ನ ಮಗ ತೊಗಲಿನ ಕೆಲಸದವನು. ಪಿಸ್ತೂಲನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಾರಲ್ಲ, ಆ ಒರೆಗಳನ್ನು ಕೈಯಿಂದಲೇ ಮಾಡುತ್ತಾನೆ. ಅವನು ತೊಗಲು ಕತ್ತರಿಸಿ, ಕೊಡತಿಯಿಂದ ಬಡಿದು, ಅಂಚಿನುದ್ದಕ್ಕೂ ತೂತು ಹೊಡೆದು ಕೊಟ್ಟರೆ, ಎರಡು ಅಂಚುಗಳನ್ನು ಜೋಡಿಸಿ ತೂತಿನಿಂದ ತೂತಿಗೆ ಸಣ್ಣ ಬಾರು ಪೋಣಿಸಿ ಹೆಣೆಯುವವಳು ಸೊಸೆ. ಹೆಣೆಯುವವರಿಗೆ ಬೆಳಕು ಬೇಕು. ಹಾಗಾಗಿ ಕಿಟಕಿ ಅವಳದು.

ಆ ಕಿಟಕಿಯಿಂದ ಎದುರಿನ ಇಸ್ತ್ರಿ ಅಂಗಡಿಯ ಮಾಳಿಗೆ ಕಾಣುತ್ತದೆ. ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆಗಳು ಗಾಳಿ ತುಂಬಿಕೊಂಡು ಮನುಷ್ಯರಾಗುತ್ತವೆ. ತೋಳು ಬೀಸುತ್ತವೆ, ಹೊಟ್ಟೆ ಬೆಳೆಸುತ್ತವೆ, ಗಾಳಿ ನಿಂತ ಕೂಡಲೇ ಮರೆತ ಮಾತೊಂದು ನೆನಪಾದವರ ಹಾಗೆ ಭುಜ ಇಳಿಬಿಡುತ್ತವೆ. ಸೊಸೆ ಅಲ್ಲಿ ಕೂತು ಒಮ್ಮೆಯೂ ಕತ್ತೆತ್ತಿ ನೋಡುವುದಿಲ್ಲ. ಇದ್ದವರಿಗೆ ಹಸಿವಿಲ್ಲ, ಹಸಿದವರಿಗೆ ಕಿಟಕಿಯಿಲ್ಲ.

"ನಾನೂ ಹೆಣೀತೀನಿ ಕಣೋ" ಎಂದೆ ಒಂದು ದಿನ.

ಮಗನ ಕೊಡತಿ ನಿಂತಿತು. "ಏನು ಹೆಣೀತೀಯ?"

"ಅದೇ, ಪಿಸ್ತೂಲಿನ ಅಂಗಿ."

"ಅಮ್ಮಾ, ಇದು ಸ್ವೆಟರ್ ಅಲ್ಲ. ಕೈ ತಪ್ಪಿದ್ರೆ ತೊಗಲೆಲ್ಲ ದಂಡ."

"ನಿನ್ನನ್ನ ಹೆತ್ತು ಶಾಲೆಗೆ ಕಳಿಸ್ದೋಳು ನಾನು. ದಂಡ ಅಂದ್ರೇನು ಅಂತ ನನಗೇ ಹೇಳ್ಕೊಡ್ಬೇಡ."

ಸೊಸೆ ಬಾರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ನಕ್ಕಳು. "ಕಲೀಲಿ ಬಿಡ್ರೀ. ಅತ್ತೆಗೆ ಹೆಣಿಗೆ ಮೇಲೆ ಆಸೆ ಇಲ್ಲ, ಕಿಟಕಿ ಮೇಲೆ ಆಸೆ."

(ಸೊಸೆಯರಲ್ಲಿ ಇದೊಂದು ದೊಡ್ಡ ದೋಷ. ನಮ್ಮ ಹೊಟ್ಟೆಯಲ್ಲಿ ಹುಟ್ಟಿರುವುದಿಲ್ಲ, ಆದರೂ ನಮ್ಮ ಹೊಟ್ಟೆಯಲ್ಲಿರುವುದೆಲ್ಲ ಅವರಿಗೆ ಗೊತ್ತಿರುತ್ತದೆ.)

ಕೊನೆಗೆ ಉಭಯ ಪಕ್ಷಗಳ ನಡುವೆ ಮಹಾ ಒಡಂಬಡಿಕೆಯಾಯಿತು. ಬ್ಯಾಂಕಿನ ಕಾವಲುಗಾರನೊಬ್ಬ ಒರೆ ಮಾಡಿಸಲು ಬಂದಿದ್ದ. ದೇಹಕ್ಕಿಂತ ಮೀಸೆಯೇ ಮೊದಲು ಬಾಗಿಲಲ್ಲಿ ಕಾಣುವ ಆಸಾಮಿ, ಅದಕ್ಕೆ ನಾವು ಅವನನ್ನು ಮೀಸೆಯಪ್ಪ ಎನ್ನುತ್ತೇವೆ. ಅವನ ಒರೆಯನ್ನು ಪೂರ್ತಿ ನಾನೇ ಹೆಣೆಯಬೇಕು. ಅವನು ಮೆಚ್ಚಿ ಕಟ್ಟಿಕೊಂಡು ಹೋದರೆ ಕಿಟಕಿ ನನ್ನದು, ಸೊಸೆ ಒಳಗೆ ದೀಪದ ಕೆಳಗೆ. ಬೇಡ ಎಂದರೆ ನಾನು ಜನ್ಮದಲ್ಲಿ ಮತ್ತೆ ಸ್ಟೂಲಿನ ಸುದ್ದಿ ಎತ್ತಬಾರದು.

ಮೊದಲು ತೊಗಲಿನ ಚೂರುಗಳ ಮೇಲೆ ಕಲಿತೆ. ಬಾರಿಗೆ ಒಂದು ಮುಖ, ಒಂದು ಬೆನ್ನು. ನುಣುಪಾದ ಮುಖ ಯಾವಾಗಲೂ ಮೇಲಿರಬೇಕು. ನನ್ನ ಬಾರು ಮುನಿಸಿಕೊಂಡ ಗಂಡನ ಹಾಗೆ ತೂತಿಗೊಮ್ಮೆ ಬೆನ್ನು ತಿರುಗಿಸುತ್ತಿತ್ತು. ನಾನು ಎಳೆಯಲಿಲ್ಲ, ಬೈಯಲಿಲ್ಲ. ಹೆಬ್ಬೆರಳಿನಿಂದ ಮೆಲ್ಲಗೆ ನೇವರಿಸಿದೆ. ತಾನೇ ತಿರುಗಿತು. (ಈ ಉಪಾಯ ಯಜಮಾನರಿದ್ದಾಗ ಹೊಳೆಯಬೇಕಿತ್ತು.) ಒಂದು ಸುತ್ತು ಬಿಗಿ, ಇನ್ನೊಂದು ಸಡಿಲ ಆಗಬಾರದು. ಅದೂ ಕೈಗೆ ಬಂತು. ನನ್ನ ಹೆಣಿಗೆ ನೋಡಿ ಸೊಸೆ ಏನೂ ಹೇಳಲಿಲ್ಲ. ಅವಳ ಬಾಯಿಂದ ಅದೇ ದೊಡ್ಡ ಬಿರುದು.

"ಹೆಣೆಯೋಕೆ ಮುಂಚೆ ಬಾರನ್ನ ಸ್ವಲ್ಪ ಒದ್ದೆ ಮಾಡ್ಕೊ, ಮೆತ್ತಗಾಗುತ್ತೆ" ಎಂದಿದ್ದ ಮಗ. ಮೀಸೆಯಪ್ಪನ ಒರೆಗೆ ತಂದದ್ದು ಹದ ಮಾಡದ ಹಸಿ ತೊಗಲಿನ ಬಾರು, ಒಣಗಿ ಕಡ್ಡಿಯಾಗಿತ್ತು. ಸ್ವಲ್ಪ ಎಂದರೆ ಎಷ್ಟು? ಗಂಡಸರ ಸ್ವಲ್ಪಕ್ಕೆ ಅಳತೆಯುಂಟೆ? ಜೀವನವಿಡೀ ಕಾಳು ನೆನೆಸಿದ ಕೈ ನನ್ನದು. ಮೆತ್ತಗಾಗಬೇಕಾದದ್ದನ್ನು ಹಿಂದಿನ ಸಂಜೆಯೇ ನೀರಿಗೆ ಹಾಕಬೇಕು ಎಂಬುದು ನನ್ನ ಶಾಸ್ತ್ರ. ಹಾಕಿದೆ. ಮೇಲೆ ತಟ್ಟೆಯನ್ನೂ ಮುಚ್ಚಿದೆ. ಬೆಳಿಗ್ಗೆ ನೋಡಿದರೆ ಬಾರು ಉಬ್ಬಿ, ಉದ್ದವಾಗಿ, ಎಣ್ಣೆ ಹಚ್ಚಿದ ಜಡೆಯ ಹಾಗೆ ಜಾರುತ್ತಿತ್ತು.

ಆ ಬೆಳಿಗ್ಗೆ ಪರೀಕ್ಷೆಗೆಂದು ಸ್ಟೂಲು ನನಗೆ ಸಿಕ್ಕಿತು. ಹೆಣೆಯುವುದು ವಿಚಿತ್ರ ಕೆಲಸ ನೋಡಿ. ಕೈ ಎಲ್ಲವನ್ನೂ ನೋಡಿಕೊಳ್ಳುತ್ತದೆ, ತಲೆ ಖಾಲಿಯಾಗಿ ಮೇಲೆ ತೇಲುತ್ತದೆ. ಬಾರು ಕೆಳಗಿನಿಂದ ಬಂದು ಮೇಲೆ ಹೋಗಿ ಮತ್ತೆ ಕೆಳಗಿಳಿಯುವಷ್ಟರಲ್ಲಿ ನಾನು ಎದುರಿನ ಮಾಳಿಗೆ ಮುಟ್ಟಿಯಾಗಿತ್ತು. ಅಲ್ಲೊಂದು ನೀಲಿ ಶರ್ಟು ಹಳದಿ ಫ್ರಾಕಿನ ಕಡೆಗೆ ಕೈ ಚಾಚುತ್ತಿತ್ತು. ನಡುವೆ ದಪ್ಪ ಕಂಬಳಿಯೊಂದು ಮಾವನ ಹಾಗೆ ಜೋತುಬಿದ್ದಿತ್ತು. ನಾನು ಕಂಬಳಿಯನ್ನು ಒಪ್ಪಿಸಿದೆ, ಅವರಿಬ್ಬರಿಗೆ ಮದುವೆ ಮಾಡಿಸಿದೆ, ಒಂದು ಜೊತೆ ಪುಟ್ಟ ಕಾಲುಚೀಲವೂ ಹುಟ್ಟಿತು. ಬಿಸಿಲು ಮೊಣಕಾಲ ಮೇಲೆ ಬೆಕ್ಕಿನಂತೆ ಮಲಗಿತ್ತು. ಯಾರೂ "ಸ್ವಲ್ಪ ಏಳಿ" ಎನ್ನಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಒರೆ ಮುಗಿದಿತ್ತು.

ಮಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಹೆಣಿಗೆ ಚೆನ್ನಾಗಿದೆ ಅಮ್ಮ. ಇನ್ನೂ ಹಸಿಯಾಗಿದೆಯಲ್ಲ?"

"ಒಣಗುತ್ತೆ ಬಿಡೋ. ಒಣಗದೆ ಎಲ್ಲಿಗೆ ಹೋಗುತ್ತೆ?"

ಅಷ್ಟರಲ್ಲಿ ಮೀಸೆಯಪ್ಪ ಬಂದ. ಪಿಸ್ತೂಲು ಹಾಕಿದ, ತೆಗೆದ, ಹಾಕಿದ. ಬೆಣ್ಣೆಯೊಳಗಿನ ಕೂದಲಿನ ಹಾಗೆ ಬಂತು. "ಅಜ್ಜಿ ಕೈ ಬಂಗಾರ!" ಎಂದು ಕಟ್ಟಿಕೊಂಡು ಹೊರಟೇಬಿಟ್ಟ. ಸೊಸೆ ತನ್ನ ಸಾಮಾನು ಎತ್ತಿಕೊಂಡು ಒಳಗೆ ನಡೆದಳು. ನಾನು ಪಟ್ಟಾಭಿಷಿಕ್ತಳಾದೆ.

ಆ ವಾರದ ಸುಖವನ್ನು ಏನೆಂದು ಹೇಳಲಿ. ಮಾಳಿಗೆಯ ಅರ್ಧ ಊರಿಗೆ ಸಂಬಂಧ ಕುದುರಿಸಿದೆ.

ವಾರ ಕಳೆದು ಮೀಸೆಯಪ್ಪ ಬಂದ. ಒಬ್ಬನೇ ಅಲ್ಲ, ಜೊತೆಗೆ ಸಮವಸ್ತ್ರದ ಇನ್ನಿಬ್ಬರು. ನಾನು ಸ್ಟೂಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೀಸೆಯಪ್ಪ ಸೊಂಟ ಮುಂದೆ ಮಾಡಿ ನಿಂತು ಮಗನಿಗೆ ಹೇಳಿದ: "ಎಳೀರಿ ನೋಡೋಣ."

"ಗುಂಡು?"

"ಗುಂಡು ಮ್ಯಾನೇಜರ ಬೀರುವಿನಲ್ಲಿ ಭದ್ರವಾಗಿದೆ. ನೀವು ಎಳೀರಿ."

ಮಗ ಎಳೆದ. ಬೆಲ್ಟು ಎದೆಯವರೆಗೆ ಬಂತು, ಟೋಪಿ ಬಿತ್ತು, ಮೀಸೆಯಪ್ಪ ತುದಿಗಾಲಲ್ಲಿ ನಿಂತ. ಪಿಸ್ತೂಲು ಮಾತ್ರ ತವರು ಬಿಡಲೊಲ್ಲದ ಮಗಳ ಹಾಗೆ ಅಲ್ಲೇ ಕೂತಿತ್ತು.

ಮಗ ನನ್ನ ಕಡೆ ತಿರುಗಿದ. "ಅಮ್ಮಾ, ಬಾರನ್ನ ಎಷ್ಟು ಹೊತ್ತು ನೆನೆಸಿದ್ದೆ?"

"ಸ್ವಲ್ಪ."

"ಸ್ವಲ್ಪ ಅಂದ್ರೆ?"

"ಸಂಜೆಯಿಂದ ಬೆಳಿಗ್ಗೆವರೆಗೆ."

"ಅಯ್ಯೋ! ಹಸಿ ತೊಗಲು ನೆಂದರೆ ಹಿಗ್ಗುತ್ತೆ, ಒಣಗಿದ್ರೆ ಕುಗ್ಗುತ್ತೆ. ಕುಗ್ಗಿ ಕುಗ್ಗಿ ಪಿಸ್ತೂಲಿನ ಕುತ್ತಿಗೆ ಹಿಸುಕಿಬಿಟ್ಟಿದೆ!"

"ಪುಣ್ಯ, ಮೊಳಕೆ ಬರಲಿಲ್ಲ" ಎಂದಳು ಸೊಸೆ ಒಳಗಿನಿಂದ.

ನಾನು ಯಾರೂ ಹೇಳದೆಯೇ ಸ್ಟೂಲಿನಿಂದ ಎದ್ದೆ. ಮಗ ಬಾರು ಕತ್ತರಿಸಲು ಚಾಕು ತಂದ. "ಕ್ಷಮಿಸಿ, ಬಿಚ್ಚಿ ಬೇರೆ ಹಾಕಿಕೊಡ್ತೀನಿ."

"ಏಯ್, ಮುಟ್ಬೇಡಿ!" ಮೀಸೆಯಪ್ಪ ಒರೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡ. "ಬಿಚ್ಚೋಕೆ ಬಂದಿಲ್ಲ ಮಾರಾಯರೇ. ಇಷ್ಟು ವರ್ಷ ನಾನು ಪಟ್ಟ ಪಾಡು ನಿಮಗೇನು ಗೊತ್ತು? ಶೂ ದಾರ ಕಟ್ಟೋಕೆ ಬಗ್ಗಿದ್ರೆ ದಡ್ ಅಂತ ಬೀಳೋದು. ಕೂತಲ್ಲೇ ಒಂದು ಚೂರು ತೂಕಡಿಸಿದ್ರೆ ದಡ್. ಮ್ಯಾನೇಜರು ಚೇಂಬರಿಂದ ಓಡಿ ಬರೋರು. ಈಗ ಸೊಗಸಾಗಿ ನಿದ್ದೆ ಬರ್ತಿದೆ." ಆಮೇಲೆ ದನಿ ತಗ್ಗಿಸಿದ. "ಅದೂ ಅಲ್ದೆ ಕಳ್ಳ ಬಂದ್ರೆ ಹೊಡೀಬೇಕಲ್ಲಪ್ಪಾ ಅನ್ನೋ ಹೆದರಿಕೆ ಇತ್ತು. ಈಗ ಅದು ನನ್ನ ಕೈಯಲ್ಲಿಲ್ಲ ನೋಡಿ."

ಹಿಂದಿದ್ದ ಇಬ್ಬರೂ ಮುಂದೆ ಬಂದರು. "ನಮಗೂ ಅಜ್ಜಿ ಹೆಣಿಗೇದೇ ಬೇಕು. ನಮ್ಮ ಕಾವಲು ಕಂಪನಿಯವರೆಲ್ಲ ಕೇಳ್ತಿದ್ದಾರೆ."

ನಾನು ಸೊಸೆಯ ಕಡೆ ಒಂದು ನೋಟ ಬೀರಿದೆ, ಸೆರಗು ಸರಿಮಾಡಿಕೊಂಡೆ, ಮತ್ತೆ ಸ್ಟೂಲಿನ ಮೇಲೆ ಕೂತೆ.

"ಅಮ್ಮ, ಸ್ವಲ್ಪ ಏಳು" ಎಂದ ಮಗ.

"ಯಾಕೋ? ಇಷ್ಟು ಜನ ನನ್ನ ಹೆಣಿಗೆಯೇ ಬೇಕು ಅಂತಿದ್ದಾರೆ!"

"ಅದಕ್ಕೇ. ಇಷ್ಟೊಂದು ಬಾರು ನೆನೆಹಾಕಬೇಕು, ನೀರು ತೊಟ್ಟಿಕ್ಕುತ್ತೆ. ಇಲ್ಲಿ ಸಿದ್ಧ ಮಾಡಿಟ್ಟ ತೊಗಲಿದೆ, ಒಂದು ಹನಿ ಬಿದ್ರೂ ಕಲೆ. ನೀನು ಬಚ್ಚಲುಮನೆ ಪಕ್ಕ ಕೂತ್ಕೊ. ಅಲ್ಲಿ ನಲ್ಲಿಯೂ ಹತ್ತಿರ."

ಹಾಗೆ ನಾನೀಗ ಬಚ್ಚಲುಮನೆಯ ಪಕ್ಕ ಮಣೆ ಹಾಕಿಕೊಂಡು, ಬಕೆಟ್ಟಿನಲ್ಲಿ ಕೈ ಅದ್ದಿಕೊಂಡು, ಸುಣ್ಣದ ಗೋಡೆ ನೋಡುತ್ತಾ ಕೂತಿದ್ದೇನೆ. ಕೈತುಂಬ ಕೆಲಸ, ಊರಿನ ಕಾವಲುಗಾರರೆಲ್ಲ ನನ್ನ ಭಕ್ತರು. ಸೊಸೆ ಮತ್ತೆ ಕಿಟಕಿಗೆ ಬಂದಿದ್ದಾಳೆ. ಮೊದಲು ಕತ್ತೆತ್ತುತ್ತಿರಲಿಲ್ಲ. ಈಗೀಗ ಬಾರು ಕೈಯಲ್ಲೇ ಬಿಟ್ಟು ಹೊರಗೆ ನೋಡುತ್ತಾಳೆ. ನಿನ್ನೆ ಒಬ್ಬಳೇ ಕಿಲಕಿಲ ನಕ್ಕಳು.

"ಏನೇ ಅದು? ಏನಾಯ್ತೇ ಅಲ್ಲಿ?" ಎಂದು ಕೂಗಿದೆ.

"ಏನಿಲ್ಲ ಅತ್ತೆ" ಎಂದಳು. ಆಮೇಲೆ ಇನ್ನೂ ಜೋರಾಗಿ ನಕ್ಕಳು.