ಅಜ್ಜನ ಛಜ್ಜಾ ಮತ್ತು ನನ್ನ ಬಲಗಾಲು

ನಾನು ಬುದ್ಧಿವಂತ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ!

ಆಗ ನಿಜಾಮರ ಕಾಲ. ರಾಯಚೂರಿನ ಅದಾಲತ್ತಿನಲ್ಲಿ ನಾನು ಗುಮಾಸ್ತೆ. ದಿನವಿಡೀ ಮೋಸ ಹೋದವರ ಅರ್ಜಿ ಬರೆಯುವುದು, 'ಎಂಥ ಪೆದ್ದರಪ್ಪಾ ಈ ಜನ' ಎಂದು ಮನಸ್ಸಿನಲ್ಲೇ ನಗುವುದು, ಇಷ್ಟೇ ನನ್ನ ಉದ್ಯೋಗ.

ನಮ್ಮ ಮನೆಯ ಮಹಡಿಗೆ ಬೀದಿಯ ಕಡೆ ಚಾಚಿದ ಒಂದು ಮರದ ಛಜ್ಜಾ ಇತ್ತು. ಅಜ್ಜ ಹಾಕಿಸಿದ್ದ ಸಾಗವಾನಿ ಹಲಗೆಗಳು. ಬೇಸಿಗೆಯ ಸಂಜೆ ಮನೆ ಮಂದಿಯೆಲ್ಲ ಅಲ್ಲೇ. ನಾನೂ ನನ್ನ ತಂಗಿ ಗೌರವ್ವನೂ ಆ ಹಲಗೆಯ ಮೇಲೆ ಚೌಕಾಬಾರ ಆಡಿಕೊಂಡೇ ಬೆಳೆದವರು. ಆಟದ ಮನೆಗಳನ್ನು ಚಾಕುವಿನಿಂದ ಕೊರೆದವನು ನಾನು. ಪಕ್ಕದಲ್ಲೇ 'ಶರಣ ಗೆದ್ದ, ಗೌರಿ ಸೋತಳು' ಎಂದು ಕೊರೆದವನೂ ನಾನೇ. ದಿನಾ ಗೆಲ್ಲುತ್ತಿದ್ದವಳು ಅವಳು. ಆದರೆ ಚಾಕು ನನ್ನ ಕೈಯಲ್ಲಿತ್ತಲ್ಲ!

ಆ ವರ್ಷ ಗೌರವ್ವನಿಗೆ ಮಾನ್ವಿಯಿಂದ ಸಂಬಂಧ ಬಂತು. ಹುಡುಗನ ತಂದೆ ಬಸಲಿಂಗಪ್ಪನವರು ಶೇಂಗಾ ವ್ಯಾಪಾರಿ, ಒಳ್ಳೆಯ ಮನೆತನ. ಹುಡುಗನ ಪಟ ನೋಡಿದ ಗೌರವ್ವ ಅದನ್ನು ವಾಪಸು ಕೊಡಲಿಲ್ಲ. ಕೇಳಿದರೆ "ಎಲ್ಲೋ ಇಟ್ಟೀನಿ" ಎನ್ನುತ್ತಿದ್ದಳು. ಅಂದರೆ ಈ ಸಂಬಂಧ ತಪ್ಪುವಂತಿರಲಿಲ್ಲ. ಅವರು ನಮ್ಮ ಮನೆಗೆ ಬರುವ ದಿನ ಗೊತ್ತಾಯಿತು.

ಛಜ್ಜಾದ ಒಂದು ಮೂಲೆ ಕಿರ್ರ್ ಎನ್ನುತ್ತಿತ್ತು.

"ಒಂದು ಮೊಳಿ ಬಡೀರಿ, ಸಾಕು" ಅಂದಳು ನನ್ನ ಹೆಂಡತಿ ಶಾಂತವ್ವ.

"ನೀ ಸುಮ್ನಿರು. ಬೀಗರ ಪ್ರಾಣದ ಪ್ರಶ್ನೆ ಅದ ಇದು" ಎಂದು ದೇವದುರ್ಗದ ಮರಗೆಲಸದ ಗುತ್ತೇದಾರ ನರಸಪ್ಪನನ್ನು ಕರೆಸಿದೆ.

ನರಸಪ್ಪ ಬಂದವನೇ ಹಲಗೆಗೆ ಕಿವಿಯಿಟ್ಟು ಮಲಗಿದ. ಡಾಕ್ಟರರು ಎದೆ ನೋಡುವಂತೆ ಅಲ್ಲಲ್ಲಿ ತಟ್ಟಿದ. ಎದ್ದು ಕೂತು, ರುಮಾಲು ತೆಗೆದು, ಕಣ್ಣು ಮುಚ್ಚಿದ.

"ಯಾಕಪ್ಪಾ, ಏನಾತು?" ಎಂದೆ ಗಾಬರಿಯಿಂದ.

"ಸಾಹೇಬ್ರ, ಇಷ್ಟು ದಿನ ಇದರ ಮ್ಯಾಲೆ ಮಕ್ಕೊಂಡು ಜೀವಂತ ಅದೀರಲ್ಲ, ನಿಮ್ಮ ಹೆಂಡ್ರ ಕುಂಕುಮ ಭಾಳ ಗಟ್ಟಿ ಅದ ನೋಡ್ರಿ! ಒಳಗೆಲ್ಲಾ ಹುಳ. ಬೀಗರು ಕಾಲಿಟ್ರೆ ಸೀದಾ ಬೀದ್ಯಾಗ!"

ಬಸಲಿಂಗಪ್ಪನವರು ಗಾಳಿಯಲ್ಲಿ ತೇಲಿ ಎದುರು ಮನೆಯ ಎಮ್ಮೆಯ ಮೇಲೆ ಇಳಿಯುವ ದೃಶ್ಯ ಕಣ್ಣಿಗೆ ಕಟ್ಟಿತು.

"ಎಲ್ಲಾ ಕಿತ್ತು ಹೊಸ ಹಲಗಿ ಹಾಕಪ್ಪಾ!"

"ಹಾಕ್ತೀನ್ರಿ. ಆದ್ರ ಈ ಹಳೀ ಹಲಗಿ ಮನ್ಯಾಗ ಇಟ್ಕೋಬ್ಯಾಡ್ರಿ. ಹುಳ ತೊಲಿಗೆಲ್ಲಾ ಹಬ್ಬತಾವ. ನಾನ ದೂರ ಒಯ್ದು ಸುಟ್ಟು ಬರ್ತೀನಿ."

ಎಂಥ ಪರೋಪಕಾರಿ! ನನ್ನ ಕಣ್ಣು ತುಂಬಿ ಬಂತು. ಗುಂಜಹಳ್ಳಿಯ ಹೊಲದಿಂದ ನಮ್ಮದೇ ಬಂಡಿ ತರಿಸಿದೆ. ಹಲಗೆ ಹೇರಲು ನಾನೇ ಕೈಹಚ್ಚಿದೆ. ಹೊರಡುವಾಗ ದಾರಿಗಿರಲಿ ಎಂದು ಅವನಿಗೆ ರೊಟ್ಟಿ, ಪುಂಡಿಪಲ್ಯದ ಗಂಟನ್ನೂ ಕಟ್ಟಿಸಿಕೊಟ್ಟೆ. ಬಾಗಿಲಲ್ಲಿ ನಿಂತಿದ್ದ ಶಾಂತವ್ವ ಬಂಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ಒಪ್ಪಿಗೆಯಿದೆ ಎಂದುಕೊಂಡೆ!

ಹೊಸ ಛಜ್ಜಾ ಸಿದ್ಧವಾಯಿತು. ಕರಿ ಬಣ್ಣ ಫಳಫಳ ಹೊಳೆಯುತ್ತಿತ್ತು. ಬಸಲಿಂಗಪ್ಪನವರು ಹೆಂಡತಿ, ಮಗನ ಸಮೇತ ಬಂದರು. ಗೌರವ್ವ ತಲೆತಗ್ಗಿಸಿ ಚಹಾ ಕೊಟ್ಟಳು. ಹುಡುಗ ಕಪ್ಪು-ಬಸಿ ಹಿಡಿದವನು ಕುಡಿಯುವುದನ್ನೇ ಮರೆತ. ಎಲ್ಲ ಸುಸೂತ್ರ. ಅಲ್ಲಿಗೇ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ.

"ಬರ್ರಿ ಬರ್ರಿ, ನಮ್ಮ ಛಜ್ಜಾ ನೋಡ್ರಿ" ಎಂದು ಎಲ್ಲರನ್ನೂ ಮೇಲೆ ಕರೆದೊಯ್ದೆ. ಅವರು ಬಾಗಿಲಲ್ಲಿ ನಿಂತಿರುವಾಗಲೇ ನಾನು ಹಲಗೆಯ ನಡುವೆ ನಿಂತು ಭಾಷಣ ಆರಂಭಿಸಿದೆ. "ಮನಿ ಯಜಮಾನ ಆದವನು ಜೀವದ ಭದ್ರತಾ ಮೊದಲು ನೋಡಬೇಕ್ರಿ. ಇದರ ಮ್ಯಾಲೆ ಆನಿ ಕುಣಿದ್ರೂ..."

ಆನೆ ಕುಣಿಯುವುದು ಹೇಗೆಂದು ತೋರಿಸಲು ಬಲಗಾಲೆತ್ತಿ ಒಂದು ಸಲ ದಪ್ಪೆಂದು ಕುಟ್ಟಿದೆ.

ಫಟ್!

ನನ್ನ ಬಲಗಾಲು ಹಲಗೆ ಸೀಳಿಕೊಂಡು ತೊಡೆಯವರೆಗೂ ಇಳಿದು ಬೀದಿಯ ಮೇಲೆ ನೇತಾಡತೊಡಗಿತು. ಧೋತರ ಕಾಲಿನ ಸಂಗಡ ಕೆಳಗೆ ಹೋಗಲಿಲ್ಲ. ಮೇಲೆಯೇ ಉಳಿಯಿತು! ಕೆಳಗೆ ನೀರು ತರುತ್ತಿದ್ದ ಪಕ್ಕದ ಮನೆಯ ಹನುಮವ್ವ ಕೊಡ ಬಿಟ್ಟು ಚೀರಿದಳು:

"ಯವ್ವಾ! ಗುಮಾಸ್ತರ ಛಜ್ಜಾಕ್ಕ ಕಾಲು ಮೂಡ್ಯಾದ ಬರ್ರೇ!"

ಓಣಿಗೆ ಓಣಿಯೇ ಸೇರಿತು. ವರನೇ ನನ್ನ ಕಂಕುಳಿಗೆ ಕೈಹಾಕಿ ಮೇಲಕ್ಕೆಳೆದ. ಬಸಲಿಂಗಪ್ಪನವರು ಮುರಿದ ಚೂರನ್ನು ಎತ್ತಿ, ಬಣ್ಣ ಕೆರೆದು, "ಮಾವಿನ ಕಟಿಗಿ. ಅದೂ ಪೆಟ್ಟಿಗಿ ಮಾಡೋದು" ಅಂದರು. ಹೆಂಡತಿ, ಮಗನನ್ನು ಕರೆದುಕೊಂಡು ಹೊರಟುಹೋದರು. ಸಂಬಂಧಕ್ಕೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ!

ಗೌರವ್ವ ಮೂಲೆ ಸೇರಿ ಅತ್ತಳು. "ಯಣ್ಣಾ, ನಿನ್ನ ಕಾಲಿಂದ ನನ್ನ ಮದಿವಿ ಮುರೀತು" ಅಂದಳು. ಕುಂಟುತ್ತ ದೇವದುರ್ಗಕ್ಕೆ ಹೋಗಿ ನರಸಪ್ಪನನ್ನು ಹುಡುಕಿದೆ. "ಮಾನ್ವ್ಯಾಗ ದೊಡ್ಡ ಕೆಲಸ ಹಿಡದಿದ್ದ, ಅದನ್ನ ಮುಗಿಸಿ ಎತ್ತಲೋ ಹೋದ" ಎಂದರು ಅಲ್ಲಿಯವರು.

ಅಷ್ಟರಲ್ಲಿ ಮಾನ್ವಿಯಿಂದ ಕರೆ ಬಂತು. ಮನೆ ನೋಡಲು ಬರಬೇಕಂತೆ! ಇದ್ದಿಲು ಉರಿಸಿ ಓಡುವ ಮೋಟಾರು ಬಸ್ಸಿನ ಹೊಗೆ ಕುಡಿದು, ಮಸಿ ಮುಖದಲ್ಲಿ ನಾನೂ ಶಾಂತವ್ವನೂ ಹೋಗಿ ಇಳಿದೆವು. ಬಸಲಿಂಗಪ್ಪನವರು ಕೈಹಿಡಿದು ಮೇಲೆ ಕರೆದೊಯ್ದರು.

"ಬರ್ರಿ, ಈಗ ನಮ್ಮ ಛಜ್ಜಾ ನೋಡ್ರಿ. ಮೊನ್ನಿನ ಮಾಡಿಸೀನಿ."

ನೋಡಿದೆ. ಸಾಗವಾನಿ ಹಲಗೆ. ಅದರ ಮೇಲೆ ಚೌಕಾಬಾರದ ಮನೆಗಳು. ಪಕ್ಕದಲ್ಲಿ, ಅಯ್ಯೋ ಶಿವನೇ, 'ಶರಣ ಗೆದ್ದ, ಗೌರಿ ಸೋತಳು'!

ಯಾರ ಕಣ್ಣಿಗೂ ಬೀಳುವ ಮುನ್ನ ನಾನು ಆ ಅಕ್ಷರಗಳ ಮೇಲೆ ಕುಕ್ಕರಿಸಿಬಿಟ್ಟೆ.

"ಸುರಪುರದ ರಾಜರ ಹಳೀ ವಾಡೇದ ಹಲಗಿ ಅಂತ ಹೇಳಿ ಮಾರಿದ ಆ ಗುತ್ತೇದಾರ" ಅಂದರು ಅವರು. "ಇಂಥಾ ಬಂಗಾರದಂಥಾ ಹಲಗಿ ಕೈ ಬಿಟ್ಟವನು ಎಂಥಾ ಹುಚ್ಚ ಇರಬೇಕ್ರಿ?"

"ಭಾಳ ದೊಡ್ಡ ಹುಚ್ಚ ಇರಬೇಕ್ರಿ" ಎಂದೆ ಬೆವರೊರೆಸಿಕೊಳ್ಳುತ್ತ. ಶಾಂತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಊಟಕ್ಕೆ ಕರೆದರು. ಏಳಲಿಲ್ಲ. "ಇಲ್ಲೇ ಗಾಳಿ ಛಲೋ ಬರಾಕತ್ತದ್ರಿ" ಎಂದೆ. ತಾಟು ಅಲ್ಲಿಗೇ ಬಂತು. ಕೈ ತೊಳೆಯಲು ಕರೆದರೂ ಏಳಲಿಲ್ಲ. ತಂಬಿಗೆಯೂ ಅಲ್ಲಿಗೇ ಬಂತು. ಕಾಲು ಜೋಮು ಹಿಡಿದು, ಅದು ಇದೆಯೋ ಇಲ್ಲವೋ ಎಂಬ ಸಂಶಯ ಹುಟ್ಟಿತು. ಆದರೂ ತಂಗಿಯ ಬಾಳಿನ ಮೇಲೆ ಗಟ್ಟಿಯಾಗಿ ಕೂತೇ ಇದ್ದೆ.

ಕೊನೆಗೆ ಬಸಲಿಂಗಪ್ಪನವರು ಹತ್ತಿರ ಬಂದು ಕೂತರು. ಎಲೆ ಅಡಿಕೆ ಮುಂದಿಟ್ಟು ಮೆಲ್ಲಗೆ ಹೇಳಿದರು:

"ಈಗರೆ ಸ್ವಲ್ಪ ಸರೀರಿ ಶರಣಪ್ಪನವರ. ನೀವು ಗೆದ್ದದ್ದು ನಾವೆಲ್ಲಾ ಮೊದಲ ಓದೀವಿ!"

ಕೂತಲ್ಲೇ ಒಂದಿಷ್ಟು ಪಕ್ಕಕ್ಕೆ ಸರಿದೆ.

"ನಿಮ್ಮ ಮನಿಯಿಂದ ಬಂದ ಮ್ಯಾಲೆ ಈ ಹೆಸರು ನೋಡಿ ಹಲಗಿ ನಿಮ್ಮವ ಅಂತ ತಿಳೀತು. ನಮ್ಮಾಕಿ ಅಂದ್ಲು, ಇಷ್ಟು ಭೋಳೇ ಮಂದಿ ನಮಗೇನು ಮೋಸ ಮಾಡ್ಯಾರು, ಆ ಹುಡುಗೀನ ತರೂಣು ಅಂತ. ಮುಹೂರ್ತ ನೋಡ್ಸೂಣೇನ್ರಿ?"

ನಾನು ಎದ್ದು ನಿಂತು ಕೈಮುಗಿಯಲು ಹೋದೆ. ಜೋಮು ಹಿಡಿದ ಕಾಲು ನಿಲ್ಲಲಿಲ್ಲ. ಸೀದಾ ಬೀಗರ ತೊಡೆಯ ಮೇಲೆ ಬಿದ್ದೆ. ಅಪ್ಪಿಕೊಂಡೆನೆಂದು ತಿಳಿದು ಅವರೂ ಅಪ್ಪಿಕೊಂಡರು!

"ನಿಮ್ಮ ಹಲಗಿ ವಾಪಸ್ ಬೇಕೇನ್ರಿ?" ಎಂದು ಕೇಳಿದರು.

"ಛೇ ಛೇ! ಅದು ಗೌರವ್ವನ ಬಳುವಳಿ ಅಂತ ತಿಳ್ಕೋರಿ" ಎಂದೆ ಗತ್ತಿನಿಂದ.

ಸಂಬಂಧ ಗಟ್ಟಿಯಾಗುವ ಮೊದಲೇ ಬಳುವಳಿ ಮುಟ್ಟಿಸಿದ ಅಣ್ಣ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು ಎಂದು ಮೋಟಾರಿನಲ್ಲಿ ಶಾಂತವ್ವನ ಮುಂದೆ ಬೀಗಿದೆ.

"ಹೌದ್ರಿ" ಅಂದಳು ಅವಳು, "ಬಂಡಿ ಕಟ್ಟಿ, ರೊಟ್ಟಿ ಬುತ್ತಿ ಕೊಟ್ಟು!"