ದಾರಿಯಲ್ಲಿದ್ದೇ ತಲುಪಿಬಿಟ್ಟ ಕರಬೂಜಗಳ ವಿಷಯ

ಶ್ರೀಮಾನ್ ವಿದ್ಯುನ್ಮಾನ ಸಾಗಣೆ ಪತ್ರದವರಿಗೆ,
ಮೋಡಗಳಾಚೆ ಎಲ್ಲೋ ಒಂದು ಸರ್ವರಿನ ಒಳಮನೆ.

ಮಾನ್ಯರೇ,

ತಮ್ಮ ಬ್ಯಾಟರಿ ಸದಾ ತುಂಬಿರಲಿ, ತಮ್ಮ ನೆಟ್‌ವರ್ಕಿಗೆ ಯಾರ ಕಣ್ಣೂ ತಾಗದಿರಲಿ, ತಮ್ಮ ಮನೆಯಲ್ಲಿ ಮೇಲಿಂದ ಮೇಲೆ ಹುಟ್ಟುವ ಅಪ್‌ಡೇಟ್ ಮಕ್ಕಳೆಲ್ಲ ಆರೋಗ್ಯವಾಗಿರಲಿ ಎಂದು ಹಾರೈಸುತ್ತ, ಮಿರ್ಜಾಚೂಲ್‌ನ ಲಾರಿ ಚಾಲಕ ಎಗಂಬೆರ್ದಿಯವರ ಮಗಳೂ ತಾಷ್ಕೆಂಟಿನಲ್ಲಿ ಕಾಲೇಜಿನ ಮೊದಲ ವರ್ಷವನ್ನು ಹೆದರಿ ಹೆದರಿ ಓದುತ್ತಿರುವವಳೂ ಆದ ಸನೋಬರ್ ಎಂಬ ನಾನು ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ನನ್ನ ಹೆದರಿಕೆಗೆ ತಾವು ಕಾರಣವಲ್ಲ. ನನಗೆ ಪರೀಕ್ಷೆ, ಲಿಫ್ಟು, ವಾರ್ಡನ್ನು, 'ಓಕೆ' ಎಂದು ಬರೆದಿರುವ ಯಾವುದೇ ಬಟನ್, ಏನು ಕಂಡರೂ ಭಯ. ಚಿಕ್ಕಂದಿನಿಂದ ಇಂಗ್ಲಿಷ್ ಶಾಲೆಯ ಹಾಸ್ಟೆಲಿನಲ್ಲಿ ಬೆಳೆದವಳಾದ್ದರಿಂದ ಮನೆಗೆ ಬರುವ ಇಂಗ್ಲಿಷನ್ನೆಲ್ಲ ಓದಿ ಹೇಳುವ ಕೆಲಸ ನನ್ನ ಪಾಲಿನದು. ನಮ್ಮ ಮನೆಯ ಫೋನಿನಲ್ಲಿ ತಾವೂ ಇಂಗ್ಲಿಷಿನಲ್ಲೇ ಮಾತಾಡುವವರಾದ್ದರಿಂದ ನಮ್ಮಿಬ್ಬರ ಪರಿಚಯ ತಪ್ಪಿಸಿಕೊಳ್ಳಲಾಗದಂತೆ ಆಯಿತು.

ಮೊದಲಿಗೆ ತಮಗಿಂತ ಮುಂಚೆ ಈ ಹುದ್ದೆಯಲ್ಲಿದ್ದ ಕಾಗದದ ಸಾಗಣೆ ಪತ್ರದ ಬಗ್ಗೆ ಎರಡು ಮಾತು. ಅದಕ್ಕೆ ಶಿಸ್ತೇ ಇರಲಿಲ್ಲ. ಒಂದೊಂದು ಪ್ರತಿಗೆ ಒಂದೊಂದು ಬಣ್ಣ, ಎಲ್ಲ ಬಣ್ಣಗಳ ಮೇಲೂ ಹಸಿರು ಚಹಾದ ಕಲೆ; ಬಿಸಿಲಿನಲ್ಲಿ ಅಪ್ಪ ಅದರಿಂದಲೇ ಗಾಳಿ ಹಾಕಿಕೊಳ್ಳುತ್ತಿದ್ದರು, ಗಡಿಯ ಅಧಿಕಾರಿ ಕರಬೂಜ ತಿಂದ ಕೈಯನ್ನು ಅದರ ಮೂಲೆಗೆ ಒರೆಸಿ ಅಲ್ಲೇ ಮುದ್ರೆ ಒತ್ತುತ್ತಿದ್ದರು. ಆದರೆ ಅದಕ್ಕೊಂದು ದೊಡ್ಡ ಕೊರತೆಯಿತ್ತು, ಮಾನ್ಯರೇ: ಲಾರಿಯನ್ನು ಬಿಟ್ಟು ತಾನೊಂದೇ ಮುಂದೆ ಹೋಗಲು ಅದಕ್ಕೆ ಬರುತ್ತಿರಲಿಲ್ಲ. ಲಾರಿ ನಿಂತರೆ ತಾನೂ ನಿಲ್ಲುತ್ತಿತ್ತು, ಲಾರಿ ತಲುಪಿದಾಗ ತಾನೂ ತಲುಪುತ್ತಿತ್ತು. ಆ ಮಂದಬುದ್ಧಿಯನ್ನು ನಿವೃತ್ತಿಗೊಳಿಸಿ ತಮ್ಮಂಥ ಚುರುಕಿನವರನ್ನು ತಂದದ್ದಕ್ಕೆ ನಾವು ಎಷ್ಟು ಕೃತಜ್ಞರಾಗಿದ್ದರೂ ಸಾಲದು.

ತಮ್ಮ ಜೊತೆ ಅಪ್ಪನ ಮೊದಲ ಪ್ರಯಾಣದ ಬೆಳಿಗ್ಗೆ ತಾವೂ ನಮ್ಮ ಮನೆಯಲ್ಲಿದ್ದಿರಿ, ಅಪ್ಪನ ಜೇಬಿನ ಫೋನಿನೊಳಗೆ. ಆದ್ದರಿಂದ ನನ್ನ ಬುವಿ, ಎಂದರೆ ಅಪ್ಪನ ತಾಯಿ, ಹಿಂದಿನ ದಿನ ತಂದೂರಿನಲ್ಲಿ ಸುಟ್ಟ ದುಂಡು ರೊಟ್ಟಿಯನ್ನು ಅಪ್ಪನ ಬಾಯಿಗೆ ಹಿಡಿದದ್ದನ್ನು ತಾವು ಕೇಳಿಸಿಕೊಂಡಿರಬೇಕು. ದೂರ ಹೊರಟವರು ಒಂದು ತುಂಡು ಕಚ್ಚಬೇಕು. ಉಳಿದದ್ದು ಬಟ್ಟೆಯಲ್ಲಿ ಗೋಡೆಯ ಮೊಳೆಗೆ ತೂಗುತ್ತಿರಬೇಕು. ಹೋದವರು ಮರಳಿ ಬಂದು ತಮ್ಮ ಕೈಯಾರೆ ಅದನ್ನು ತಿಂದು ಮುಗಿಸಬೇಕು. ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಅಪ್ಪ ಕಚ್ಚಿದರು, ಬುವಿ ತೂಗುಹಾಕಿದರು, ಕರಬೂಜ ತುಂಬಿದ ಲಾರಿ ಗಡಿಯಾಚೆಯ ಶಿಮ್ಕೆಂಟಿನ ದಾರಿ ಹಿಡಿಯಿತು.

ಲಾರಿಯ ಧೂಳು ಇನ್ನೂ ಅಡಗಿರಲಿಲ್ಲ, ಮನೆಯ ಫೋನಿಗೆ ತಮ್ಮ ಸಂದೇಶ ಬಂತು. ರಜೆಗೆ ಬಂದಿದ್ದ ನಾನು ಓದಿ ಹೇಳಿದೆ: "ಸರಕು ತಲುಪಿದೆ ಅಂತ ಬಂದಿದೆ ಬುವಿ. ಆದ್ರೆ ಇದು ಹೇಗೆ ಸಾಧ್ಯ?" ಬುವಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಯಾಕಾಗಲ್ಲ? ಹೊಸ ವಿದ್ಯೆ ಕಣೇ, ಕರೆಂಟಲ್ಲಿ ಹೋಗಿದಾನೆ" ಎಂದರು. "ಕರೆಂಟಲ್ಲೇ ವಾಪಸ್ ಬಂದ್ರೆ ರೊಟ್ಟಿ ಗಟ್ಟಿ ಇರುತ್ತೆ, ಪಾಪ!" ಎನ್ನುತ್ತಲೇ ಮೊಳೆಯಿಂದ ರೊಟ್ಟಿ ಇಳಿಸಿ, ನೀರು ಚಿಮುಕಿಸಿ, ಮಗನಿಗೆ ಮೆತ್ತಗಾಗಲೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರು. ಮಧ್ಯಾಹ್ನದ ಹೊತ್ತಿಗೆ ಅಪ್ಪ ಫೋನ್ ಮಾಡಿದರು. ಗಡಿಯಿಂದ.

ತಮ್ಮ ಜಾಣತನಕ್ಕೆ ಮೂಲಕಾರಣರು ಶಿಮ್ಕೆಂಟ್ ಬಜಾರಿನ ಬೈಮುರಾತ್ ಅಗಾ ಎಂದು ಆಮೇಲೆ ತಿಳಿಯಿತು. ಹಣ್ಣು ಕೊಳ್ಳುವವರು ಅವರೇ; ಅಗಾ ಎಂದರೆ ಅವರಲ್ಲಿ ಅಣ್ಣ, ನಮ್ಮಲ್ಲಿ ಅಕಾ. ಕಾಗದದ ಕಾಲದಲ್ಲಿ ಅವರು ಮುಂದಿನ ಸಲದ ಪ್ರತಿಗೂ ಮೊದಲೇ ಮುದ್ರೆ ಒತ್ತಿ ಅಪ್ಪನ ಕೈಗೆ ಕೊಟ್ಟು ಕಳಿಸುತ್ತಿದ್ದರು. ಅಪ್ಪ ಅದನ್ನು ಹಣ್ಣು ಇಳಿಸಿದ ಮೇಲೆ ಮಾತ್ರ ಹೊರತೆಗೆಯುತ್ತಿದ್ದರು. ಅವರ ಮಟ್ಟಿಗೆ ಹಣ್ಣು ನೋಡಿ ಆಮೇಲೆ ಸಹಿ ಮಾಡುವುದು ಗುರುತಿಲ್ಲದವರ ಜೊತೆ ಮಾಡುವ ವ್ಯವಹಾರ. ಹಾಗಾಗಿ ಅಪ್ಪ ಹೊರಟ ಸುದ್ದಿ ತಮ್ಮಿಂದ ಬಂದ ಕೂಡಲೇ, ಎದೆಯ ಮೇಲೆ ಕೈಯಿಟ್ಟು, ಅವರು 'ಸರಕು ಕೈಸೇರಿತು' ಎಂಬ ಬಟನ್ ಒತ್ತಿಬಿಟ್ಟರು. "ಓದಿಯೇ ಒತ್ತಿದ್ದು ಮಗಳೇ, ಕಣ್ಣು ಚೆನ್ನಾಗೇ ಇದೆ" ಎಂದು ಫೋನಿನಲ್ಲಿ ಹೇಳಿದರು. "ಎಗಂಬೆರ್ದಿ ಹೊರಟ ಅಂದ್ರೆ ಬಂದ ಹಾಗೇ. ಬರಲಿ ನೋಡೋಣ ಅಂತ ಕೂತ್ಕೊಳ್ಳೋಕೆ ಅವನೇನು ಕಳ್ಳನಾ?" ಹೀಗೆ ಮಾನ್ಯರೇ, ಒಬ್ಬ ಮನುಷ್ಯ ಇನ್ನೊಬ್ಬನ ಮೇಲಿಟ್ಟ ನಂಬಿಕೆಯನ್ನು ತಾವು ಕರಬೂಜವೆಂದು ತಿಳಿದು ಇಳಿಸಿಕೊಂಡಿರಿ.

ಗಡಿಯಲ್ಲಿ ನಡೆದದ್ದು ತಮಗೆ ಗೊತ್ತಿರಲಾರದು, ಏಕೆಂದರೆ ತಮ್ಮ ಲೆಕ್ಕದಲ್ಲಿ ಅದು ನಡೆದೇ ಇಲ್ಲ. ಅಪ್ಪ ಹೇಳಿದ್ದನ್ನೇ ಹೇಳುತ್ತೇನೆ. ಅಧಿಕಾರಿ ಪರದೆ ನೋಡಿ, "ಅಕಾ, ನಿಮ್ಮ ಹಣ್ಣು ಶಿಮ್ಕೆಂಟಲ್ಲಿದೆ" ಎಂದರಂತೆ. "ಹಾಗಾದ್ರೆ ನನ್ನ ಬೆನ್ನ ಹಿಂದೆ ಇರೋದೇನು ತಮ್ಮಾ?" "ನಂಗೇನೂ ಕಾಣ್ತಿಲ್ಲ." "ವಾಸನೆನಾದ್ರೂ ಬರ್ತಿದೆಯಾ?" "ವಾಸನೆ ಘಮ್ಮಂತ ಬರ್ತಿದೆ ಅಕಾ, ಏನ್ ಮಾಡ್ಲಿ, ಇದರಲ್ಲಿ ವಾಸನೆ ಬರೆಯೋಕೆ ಜಾಗ ಇಲ್ಲ." ಮುಂದೆ ಬಿಡೋಣವೆಂದರೆ ತಲುಪಿದ ಸರಕು ಮತ್ತೆ ಗಡಿ ದಾಟುವಂತಿಲ್ಲ, ವಾಪಸ್ ಕಳಿಸೋಣವೆಂದರೆ ಖಾಲಿ ಲಾರಿ ತುಂಬಿರುವಂತಿಲ್ಲ. ಸಾಲಿನಲ್ಲಿದ್ದ ಚಾಲಕರು ಇಳಿದು ಬಂದು ಇಲ್ಲದ ಹಣ್ಣನ್ನು ಕೊಯ್ದು ತಿನ್ನತೊಡಗಿದರು. ಅಧಿಕಾರಿಗೂ ಒಂದು ಹೋಳು ಕೊಟ್ಟು, "ತಿನ್ನಪ್ಪಾ, ಇಲ್ಲದ್ದನ್ನ ತಿಂದ್ರೆ ಅದು ಲಂಚ ಆಗಲ್ಲ" ಎಂದು ಯಾರೋ ಛೇಡಿಸಿದರಂತೆ. ಪಾಪ, ಅವರು ತಿರುಗಿ ನಿಂತು ತಿಂದರು.

ಅಪ್ಪ ಮಾತ್ರ ನಗಲಿಲ್ಲ. ಲಾರಿ ಅಪ್ಪನದಲ್ಲ, ಖೋಲ್ಮತ್ ಅಕಾ ಅವರದು. ಹೊರಡುವ ಮುಂಚೆಯೇ ಅವರು, "ಈ ಹೊಸದರಲ್ಲಿ ಏನಾದ್ರೂ ಎಡವಟ್ಟಾದ್ರೆ ಸ್ಟೇರಿಂಗು ನಮ್ಮ ತಂಗಿ ಮಗನಿಗೆ. ಅವನಿಗೆ ಫೋನು ಗೀನು ಎಲ್ಲಾ ಗೊತ್ತು" ಎಂದಿದ್ದರು. ಅಪ್ಪನಿಗೆ ಗೊತ್ತಿರುವುದು ರಸ್ತೆ ಮಾತ್ರ.

ನಾನು ತಮ್ಮ ಸಹಾಯವಾಣಿಗೆ ಫೋನ್ ಮಾಡಿ, ಹಾಸ್ಟೆಲಿನಲ್ಲಿ ಕೂಡಿಟ್ಟ ಎಲ್ಲ 'ಪ್ಲೀಸ್'ಗಳನ್ನೂ ಖರ್ಚು ಮಾಡಿದೆ. ತಲುಪಿದ ಸರಕನ್ನು ಮತ್ತೆ ದಾರಿಗೆ ತರಲು ಇರುವ ಬಾಗಿಲು ಒಂದೇ ಎಂದು ತಮ್ಮ ಕಡೆಯ ಸುಮಧುರ ಕಂಠ ತಿಳಿಸಿತು: ಪಡೆದವರು ಅದನ್ನು ತಿರಸ್ಕರಿಸಬೇಕು, ಕೊಳೆತಿದೆ, ಒಡೆದಿದೆ, ಕೇಳಿದ್ದು ಇದಲ್ಲ, ಇವುಗಳಲ್ಲಿ ಒಂದನ್ನು ಆರಿಸಬೇಕು. 'ಪಡೆದವರು ತೀರಾ ಮರ್ಯಾದಸ್ಥರು' ಎಂಬ ಆಯ್ಕೆ ಇದೆಯೇ ಎಂದು ಕೇಳಿದೆ. ಇರಲಿಲ್ಲ.

ಬೈಮುರಾತ್ ಅಗಾ ಸುತರಾಂ ಒಪ್ಪಲಿಲ್ಲ. "ಮಿರ್ಜಾಚೂಲ್ ಹಣ್ಣನ್ನ ನನ್ನ ಬೆರಳಿಂದ ಕೊಳೆತಿದೆ ಅನ್ಲಾ? ಬೆರಳೇ ಕತ್ತರಿಸಿಕೋತೀನಿ" ಎಂದರು. ಆಗ ಬುವಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. "ಏಯ್ ಬೈಮುರಾತ್, ನನ್ನ ಮಗ ದಾರೀಲಿದಾನೆ, ಅವನ ರೊಟ್ಟಿ ಇಲ್ಲಿ ನೀರಲ್ಲಿ ನೆನೀತಿದೆ. ನಿನಗೆ ಮರ್ಯಾದೆ ಚಿಂತೆ! ಒತ್ತು!" ಅವರು ಒತ್ತಿದರು. ಮೂರರಲ್ಲಿ ಯಾವುದೆಂದು ನೋಡದೆ, ಕಣ್ಣು ಮುಚ್ಚಿಕೊಂಡು. ಸಿಕ್ಕಿದ್ದು 'ಕೊಳೆತಿದೆ'.

ತಕ್ಷಣ ಅಧಿಕಾರಿ ಕುಣಿದಾಡಿದರಂತೆ: "ಕಾಣ್ತಿದೆ ಅಕಾ, ಈಗ ಕಾಣ್ತಿದೆ! ಕೊಳೆತಿದ್ದು ಅಂತ ಕಾಣ್ತಿದೆ, ಆದ್ರೂ ಕಾಣ್ತಿದೆ!" ಗೇಟು ತೆರೆಯಿತು. ಲಾರಿ ಶಿಮ್ಕೆಂಟ್ ಸೇರಿತು, ಹಣ್ಣು ಒಂದೂ ಕೆಟ್ಟಿರಲಿಲ್ಲ. ಇತ್ತ ಬುವಿ ಆ ಒದ್ದೆ ರೊಟ್ಟಿಯನ್ನು ತಂದೂರಿನ ಕೆಂಡದ ಮುಂದೆ ಹಿಡಿದು, ಬಾಯಲ್ಲಿ ಪ್ರಾರ್ಥನೆ ಹೇಳುತ್ತ, ಒಣಗಿಸಿ ಒಣಗಿಸಿ ಮತ್ತೆ ಮೊಳೆಗೆ ಏರಿಸಿದರು. ಅಪ್ಪ ಬಂದ ಮೇಲೆ ಹೆಂಚಿನ ಚೂರಿನಂತಿದ್ದ ಅದನ್ನು ಪೂರ್ತಿ ತಿಂದರು.

ಇಲ್ಲಿಗೆ ಮುಗಿದಿದ್ದರೆ ತಮಗೆ ಈ ತೊಂದರೆ ಕೊಡುತ್ತಿರಲಿಲ್ಲ. ಆದರೆ ತಾವು ಏನನ್ನೂ ಮರೆಯದವರು. ಹಣ್ಣನ್ನು ಶಿಮ್ಕೆಂಟಿನ ಜನ ತಿಂದು ಬೀಜ ಉಗುಳಿದರೂ ತಮ್ಮಲ್ಲಿ ಅಪ್ಪನ ಹೆಸರಿನ ಮುಂದೆ 'ಕೊಳೆತಿದೆ' ಎಂಬ ಮಾತು ಕೆಂಪಗೆ ಹೊಳೆಯುತ್ತಲೇ ಇದೆ. ಖೋಲ್ಮತ್ ಅಕಾ ಅದನ್ನು ನೋಡಿ, "ನಿನ್ನ ಮೇಲೆ ನಂಬಿಕೆ ಇದೆ ಎಗಂಬೆರ್ದಿ, ಆದ್ರೆ ಇಲ್ಲಿ ಬರೆದಿದೆಯಲ್ಲ. ಇದನ್ನ ಸರಿ ಮಾಡಿಸ್ಕೊಂಡು ಬಾ, ಅಲ್ಲೀವರೆಗೂ ಕೀಲಿ ನನ್ನ ಹತ್ರ ಇರಲಿ" ಎಂದು ಕೈ ಚಾಚಿದರು. ಅಪ್ಪ ಕೊಟ್ಟರು. ಈಗ ಬೆಳಿಗ್ಗೆ ಎದ್ದು ಲಾರಿ ನಿಂತಲ್ಲಿಗೆ ನಡೆದುಹೋಗಿ, ಹೊರಗಿನಿಂದಲೇ ಅದರ ಗಾಜು ಒರೆಸಿ ಬರುತ್ತಾರೆ. ಗಾಜು ಎಷ್ಟು ಹೊಳೆಯುತ್ತಿದೆಯೆಂದರೆ ಅದರೊಳಗಿನ ಖಾಲಿ ಸೀಟು ರಸ್ತೆಯ ಆಚೆಯಿಂದಲೂ ಕಾಣುತ್ತದೆ.

ಆದ್ದರಿಂದ ತಮ್ಮಲ್ಲಿ ಕೈಮುಗಿದು ಕೇಳುವುದೇನೆಂದರೆ, ದಯವಿಟ್ಟು ಆ ಒಂದು ಮಾತನ್ನು ಅಳಿಸಿಕೊಡಿ. ಅದು ಆಗದಿದ್ದರೆ ಖುದ್ದಾಗಿ ಶಿಮ್ಕೆಂಟಿಗೆ ಹೋಗಿ, ಹಣ್ಣು ತಿಂದವರನ್ನೆಲ್ಲ ಹುಡುಕಿ, ಅವರ ಹೊಟ್ಟೆಗೆ ಕಿವಿಗೊಟ್ಟು ವಿಚಾರಿಸಿ. ಅದಕ್ಕೂ ಪುರುಸೊತ್ತಿಲ್ಲದಿದ್ದರೆ ವಾಸನೆ ಬರೆಯಲು ಒಂದು ಜಾಗವನ್ನಾದರೂ ಮಾಡಿಕೊಡಿ. ಬುವಿಯ ಕೋರಿಕೆ ಬೇರೆ: ಮುಂದಿನ ಸಲ ಹೊರಡುವ ಮುನ್ನ ತಾವೂ ರೊಟ್ಟಿಯ ಒಂದು ತುಂಡು ಕಚ್ಚಿ ಹೋಗಬೇಕಂತೆ. "ಕಚ್ಚದೆ ಹೋಗ್ತಾನೆ, ಅದಕ್ಕೇ ಅವನಿಗೆ ಯಾವಾಗ ತಲುಪಿದೆ ಅಂತ ಗೊತ್ತಾಗಲ್ಲ" ಎನ್ನುತ್ತಾರೆ. ತಮಗೆ ಹಲ್ಲಿಲ್ಲ ಎಂದು ಅವರಿಗೆ ತಿಳಿಸುವ ಧೈರ್ಯ ನನಗಿಲ್ಲ.

ಕಾಲು ನೆಲ ಮುಟ್ಟಿದ ಮೇಲಷ್ಟೇ ತಲುಪಿದೆ ಎನ್ನುವ ಮನೆಯಿಂದ,
ತಮ್ಮ ವಿಶ್ವಾಸಿ,
ಸನೋಬರ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಬೈಮುರಾತ್ ಅಗಾ ಬಸ್ಸಿನಲ್ಲಿ ಬಂದಿಳಿದರು, ಕಂಕುಳಲ್ಲಿ ಅಂದು ಅದೇ ಲಾರಿಯಲ್ಲಿ ಹೋಗಿದ್ದ ಒಂದು ಕರಬೂಜ. ಖೋಲ್ಮತ್ ಅಕಾರ ಮುಂದೆ ಅದನ್ನಿಟ್ಟು, "ನೀನೇ ಕೊಯ್ಯಿ. ಕೊಳೆತಿದ್ರೆ ಕೀಲಿ ಇಟ್ಕೋ" ಎಂದರು. ಖೋಲ್ಮತ್ ಅಕಾ ತಿಂದರು, ಫೋನ್ ನೋಡಿದರು, ಮತ್ತೆ ತಿಂದರು. ಗಲ್ಲದಿಂದ ರಸ ತೊಟ್ಟಿಕ್ಕುತ್ತಿರುವಂತೆಯೇ ಅಂಟು ಕೈಯಲ್ಲಿ ಕೀಲಿಯನ್ನು ಅಪ್ಪನತ್ತ ಚಾಚಿದರು. ಅಪ್ಪ ಹೊಸ ರೊಟ್ಟಿ ಕಚ್ಚಿ, ಹಣ್ಣು ತುಂಬಿಕೊಂಡು ಹೊರಟಿದ್ದಾರೆ. ನಮ್ಮಲ್ಲೇ ಚಹಾ ಕುಡಿಯುತ್ತ ಕೂತಿದ್ದ ಬೈಮುರಾತ್ ಅಗಾರ ಫೋನಿಗೆ, ಅಪ್ಪ ಹೊರಟರೆಂಬ ತಮ್ಮ ಸಂದೇಶ ಬಂತು. ಅವರ ಎಡಗೈ ಎದೆಯ ಮೇಲೆ ಹೋಯಿತು, ಬಲಗೈಯ ಬೆರಳು ಮೇಲೆದ್ದಿತು. ಬುವಿ ಫೋನನ್ನು ಕಸಿದುಕೊಂಡು, ಬಟ್ಟೆಯಲ್ಲಿ ಸುತ್ತಿ, ರೊಟ್ಟಿಯ ಪಕ್ಕ ಅದೇ ಮೊಳೆಗೆ ತೂಗುಹಾಕಿದರು. "ಅವನು ಬರಲಿ, ಎರಡನ್ನೂ ಒಟ್ಟಿಗೇ ಇಳಿಸೋಣ." ಆದ್ದರಿಂದ ತಾವು ಸದ್ಯಕ್ಕೆ ನಮ್ಮ ಗೋಡೆಯ ಮೇಲಿದ್ದೀರಿ. ತಮ್ಮ ಬ್ಯಾಟರಿ ತುಂಬಿರಲಿ ಎಂದು ಮೊದಲ ಸಾಲಿನಲ್ಲಿ ಹಾರೈಸಿದ್ದನ್ನು ಈಗ ಮನಃಪೂರ್ವಕವಾಗಿ ಮತ್ತೊಮ್ಮೆ ಹಾರೈಸುತ್ತೇನೆ.